ಊದುಗೊಳವೆ ಪದೇ ಪದೇ ಕೈಗೆ ಬರುತ್ತಿದೆಯಾ?

ತುಮಕೂರು ಕಡೆಯ ಎಷ್ಟೋ ಹಳ್ಳಿ ಮನೆಗಳಲ್ಲಿ ಕಾಫಿ, ಒಗ್ಗರಣೆ ಗ್ಯಾಸ್ ಮೇಲೆ ಆಗುತ್ತದೆ. ಮುದ್ದೆ, ಕಾಳು ಬೇಯಿಸುವುದು, ಸ್ನಾನದ ನೀರು ಇನ್ನೂ ಸೌದೆ ಒಲೆಯ ಮೇಲೆಯೇ. ತೆಂಗಿನ ತೋಟ ಇದ್ದವರಿಗೆ ಮಟ್ಟೆ, ಗರಿ, ಕರಟ ಸುಮ್ನೆ ಸಿಗುತ್ತವೆ. ಅದನ್ನು ಬಿಟ್ಟು ಹಂಡೆ ನೀರಿಗೆ ಸಿಲಿಂಡರ್ ಖಾಲಿ ಮಾಡುವವರು ಯಾರು? ಹಾಗಾಗಿ ಒಲೆಯ ಪಕ್ಕದ ಸಾಮಾನೂ ಉಳಿದುಕೊಂಡಿದೆ: ಊದುಗೊಳವೆ, ಇಕ್ಕಳ, ಮಸಿಬಟ್ಟೆ, ಮುದ್ದೆ ತಿರುವುವಾಗ ಪಾತ್ರೆ ಅಲುಗದಂತೆ ಹಿಡಿಯುವ ಕವೆಗೋಲು. ಈಗ ಆನ್‌ಲೈನ್ ಅಂಗಡಿಯ ಸಾಮಾನೂ ಸೇರಿದೆ. ಥರ್ಮಾಮೀಟರ್, ಸೌದೆಯ ತೇವ ನೋಡುವ ಮೀಟರ್, ಒಲೆಯ ಬಿಸಿಗೇ ತಿರುಗುವ ಫ್ಯಾನ್.

ಇವುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು? ಗಾಳಿಗೆ ದಾರಿ ಮಾಡಿಕೊಡುವ ಸಾಮಾನಿಗೆ ಮೊದಲು, ಉಳಿದದ್ದಕ್ಕೆ ಆಮೇಲೆ ಅಂತೀನಿ. ಊದುಗೊಳವೆ ಪದೇ ಪದೇ ಕೈಗೆ ಬರುತ್ತಿದ್ದರೆ ಒಲೆಗೆ ಬೇರೇನೋ ಕೊರತೆ ಇದೆ ಎಂದೇ ಅರ್ಥ.

ಸೌದೆ ನೇರವಾಗಿ ಹೊತ್ತಿ ಉರಿಯುವುದಿಲ್ಲ. ಬಿಸಿ ತಾಗಿದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮರವೇ ಒಡೆದು ಅನಿಲವಾಗಲು ಶುರುವಾಗುತ್ತದೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲು ಹೀಗೆ ಅನಿಲವಾಗಿ ಹೊರಡುತ್ತದೆ, ಉಳಿದದ್ದು ಕೆಂಡ. ನಾವು ನೋಡುವ ಉರಿ ಎಂದರೆ ಆ ಅನಿಲ ಉರಿಯುವುದು. ಅದು ಪೂರ್ತಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಬಿಸಿ ಬೇಕು, ಸಾಕಷ್ಟು ಆಮ್ಲಜನಕ ಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ಅನಿಲ ಅರ್ಧಂಬರ್ಧ ಉರಿದು ಹೊಗೆಯಾಗುತ್ತದೆ. ಕಣ್ಣಲ್ಲಿ ನೀರು ತರಿಸುವ ಹೊಗೆ ನಿಮ್ಮದೇ ಸೌದೆ, ಉರಿಯದೆ ಹೋದದ್ದು.

ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯಲು ಕಡಿಮೆ ಅಂದರೂ ಸುಮಾರು ಆರು ಕಿಲೋ ಗಾಳಿ ಬೇಕು. ಮನೆ ಮೇಲಿನ ಸಾವಿರ ಲೀಟರ್ ನೀರಿನ ಟ್ಯಾಂಕು ಐದು ತುಂಬುವಷ್ಟು! ಇಷ್ಟು ಗಾಳಿಯನ್ನು ಬಾಯಿಂದ ಊದಿ ಒದಗಿಸಲು ಯಾರಿಂದಲೂ ಆಗದು.

ಹಾಗಾದರೆ ಊದಿದಾಗ ಬೆಂಕಿ ಹೊತ್ತಿಕೊಳ್ಳುವುದು ಹೇಗೆ? ನಾವು ಬಿಡುವ ಉಸಿರಲ್ಲಿ ಆಮ್ಲಜನಕ ಶೇ. 16ರಷ್ಟು, ಹೊರಗಿನ ಗಾಳಿಯಲ್ಲಿ ಶೇ. 21. ಅಂದರೆ ಊದುವುದು ಸ್ವಲ್ಪ ಬಳಸಿದ ಗಾಳಿಯನ್ನೇ. ಆದರೆ ಕೊಳವೆಯ ತುದಿಯಿಂದ ರಭಸವಾಗಿ ಹೊರಟ ಗಾಳಿ ಸುತ್ತಲಿನ ತಾಜಾ ಗಾಳಿಯನ್ನೂ ಎಳೆದುಕೊಂಡು ನುಗ್ಗುತ್ತದೆ. ಕೆಂಡದ ಮೇಲೆ ಕೂತ ಬೂದಿಯನ್ನು ಹಾರಿಸಿ, ಕೆಂಪು ಮೈಯನ್ನು ಗಾಳಿಗೆ ಒಡ್ಡುತ್ತದೆ. ಅದಕ್ಕೇ ಕೊಳವೆಯ ತುದಿಯನ್ನು ಕೆಂಡದೊಳಗೆ ತೂರಿಸಬಾರದು, ನಾಲ್ಕು ಬೆರಳಿನಷ್ಟು ದೂರ ಇರಲಿ. ಉಸಿರು ಎಳೆದುಕೊಳ್ಳುವಾಗ ಕೊಳವೆಯಿಂದ ಬಾಯಿ ತೆಗೆಯಿರಿ. ಇದನ್ನು ಮಕ್ಕಳಿಗೆ ಹೇಳಿಕೊಡಲೇಬೇಕು.

ಊದುವ ಕೆಲಸ ಅರ್ಧಕ್ಕರ್ಧ ಕಡಿಮೆ ಮಾಡುವ ಸಾಮಾನು ಕಬ್ಬಿಣದ ಜಾಲರಿ. ಸೌದೆ ನೆಲಕ್ಕೆ ಅಂಟಿಕೊಂಡು ಉರಿದರೆ ಅಡಿಯಿಂದ ಗಾಳಿ ಬರುವುದಿಲ್ಲ, ಬೂದಿ ಕೆಂಡವನ್ನು ಮುಚ್ಚುತ್ತದೆ. ಅದೇ ಸೌದೆಯನ್ನು ನೆಲದಿಂದ ಮೂರು ನಾಲ್ಕು ಅಂಗುಲ ಮೇಲೆ ಜಾಲರಿಯ ಮೇಲಿಡಿ. ಬೂದಿ ತಾನಾಗಿ ಕೆಳಗೆ ಉದುರುತ್ತದೆ, ಗಾಳಿ ಅಡಿಯಿಂದ ನುಗ್ಗುತ್ತದೆ. ತೆಳ್ಳನೆ ಕಂಬಿ ಬೇಗ ಬಾಗುತ್ತದೆ. ಬೀಡು ಕಬ್ಬಿಣದ್ದು ವರ್ಷಗಟ್ಟಲೆ ಬರುತ್ತದೆ. ಕೆಳಗಿನ ಜಾಗದಲ್ಲಿ ಬೂದಿ ತುಂಬಲು ಬಿಟ್ಟರೆ ಮಾತ್ರ ಜಾಲರಿ ಇದ್ದೂ ಇಲ್ಲದ ಹಾಗೆ.

ಈ ವಿಷಯದಲ್ಲಿ ತುಮಕೂರು ಜಿಲ್ಲೆಗೆ ಸ್ವಲ್ಪ ಹೆಮ್ಮೆ ಪಡುವ ಹಕ್ಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವೇ ಅದರ ಕೆಲಸ. ಅದರ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅಲ್ಲಿಂದ ಹೆಸರಾದ ಅಸ್ತ್ರ ಒಲೆಯಲ್ಲಿ ಜಾಲರಿ, ಮುಚ್ಚಿದ ಬೆಂಕಿ ಗೂಡು, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ಮೊದಲ ಪಾತ್ರೆ ಬಿಟ್ಟ ಬಿಸಿಯನ್ನು ಎರಡನೆಯದು, ಮೂರನೆಯದು ಹಿಡಿಯುತ್ತವೆ. ನಮ್ಮ ಕೋಡೊಲೆಯ ಲೆಕ್ಕಾಚಾರವೇ, ಅಳತೆಗೋಲು ಹಿಡಿದು ಮಾಡಿದ್ದು. ಸಾದಾ ಒಲೆಯಲ್ಲಿ ಸೌದೆಯ ಶಾಖದ ಶೇ. 10–15 ಪಾತ್ರೆ ಸೇರಿದರೆ, ಇದರಲ್ಲಿ ಶೇ. 30ಕ್ಕಿಂತ ಜಾಸ್ತಿ.

ಅಂಥ ಒಲೆ ಇಲ್ಲದವರೂ ಪಾತ್ರೆ ಸುತ್ತ ಒಂದು ತಗಡಿನ ಬಳೆ ಮಾಡಿಸಿಕೊಳ್ಳಬಹುದು. ಪಾತ್ರೆಗೂ ತಗಡಿಗೂ ನಡುವೆ ಕಿರುಬೆರಳಿನಷ್ಟು ಸಂದು ಸಾಕು. ಪಕ್ಕಕ್ಕೆ ಚದುರಿ ಹೋಗುತ್ತಿದ್ದ ಬಿಸಿ ಪಾತ್ರೆಯ ಮೈ ಸವರಿಕೊಂಡೇ ಮೇಲೇರುತ್ತದೆ.

ಇನ್ನು ತೇವ. ಆಗ ತಾನೇ ಕಡಿದ ಸೌದೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಅಂಥ ಒಂದು ಕಿಲೋ ಸೌದೆಯಲ್ಲಿ ನೀರು ಓಡಿಸಲು ಹೋಗುವ ಶಾಖ ಸುಮಾರು 1.3 ಮೆಗಾಜೂಲ್, ಉಳಿದ ಅರ್ಧ ಕಿಲೋ ಒಣ ಭಾಗ ಕೊಡಬಲ್ಲದ್ದು ಸುಮಾರು 9. ಇಷ್ಟೇ ನಷ್ಟವಾ ಅನಿಸುತ್ತದೆ, ಅಲ್ವಾ? ನಿಜವಾದ ಏಟು ಬೇರೆ ಕಡೆ ಬೀಳುತ್ತದೆ. ಆವಿ ಬೆಂಕಿಯನ್ನು ತಣ್ಣಗಿಡುತ್ತದೆ, ಅನಿಲ 600 ಡಿಗ್ರಿ ಮುಟ್ಟುವುದೇ ಇಲ್ಲ, ಉರಿಯದೆ ಹೊರಟುಹೋಗುತ್ತದೆ. ತೇವದ ಮೀಟರ್ ಎರಡು ಮೊಳೆ ಚುಚ್ಚಿ, ನಡುವಿನ ವಿದ್ಯುತ್ ತಡೆ ಅಳೆದು ಶೇಕಡಾವಾರು ತೋರಿಸುತ್ತದೆ. ಶೇ. 20ರ ಒಳಗಿದ್ದರೆ ಸೌದೆ ಒಲೆಗೆ ತಯಾರು. ಮೀಟರ್ ಚೆನ್ನಾಗಿಯೇ ಇದೆ, ಆದರೆ ಬೇಕೇ ಬೇಕೆಂದಿಲ್ಲ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಸೌದೆ ಒಣಗಿದೆ. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಜೋಡಿಸುತ್ತಿದ್ದ ಹಿಂದಿನವರು ಇದೇ ಕೆಲಸವನ್ನು ಪುಕ್ಕಟೆ ಬಿಸಿಯಲ್ಲಿ ಮಾಡಿಕೊಳ್ಳುತ್ತಿದ್ದರು. ಕಿಡಿ ಹಾರುವ ಭಯ ಇದ್ದೇ ಇದೆ, ಹೆಂಚಿನ ಮನೆಯಲ್ಲಿ ಜೋಪಾನ.

ಹೊಗೆ ಕೊಳವೆ ಇದ್ದವರಿಗೆ ಅತಿ ಮುಖ್ಯ ಸಾಮಾನು ಬ್ರಷ್. ಕೊಳವೆಯೊಳಗಿನ ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಆ ಎಳೆತವೇ ಒಲೆಗೆ ಹೊಸ ಗಾಳಿ ತರುವುದು. ಒಳಗೆ ಇಲ್ಲಣ, ಟಾರು ಕಟ್ಟಿಕೊಂಡರೆ ಎಳೆತ ನಿಂತು ಹೊಗೆ ಮನೆಗೇ ವಾಪಸ್. ಹಗ್ಗಕ್ಕೆ ತೆಂಗಿನ ನಾರಿನ ಉಂಡೆ ಕಟ್ಟಿ ಎಳೆದರೂ ನಡೆಯುತ್ತದೆ, ಎಳೆಯುವುದು ಮರೆಯಬಾರದು ಅಷ್ಟೇ.

ಬಿಸಿಗೆ ತಿರುಗುವ ಫ್ಯಾನ್ ಚಳಿ ದೇಶದವರಿಗೆ, ಕೋಣೆಗೆ ಬಿಸಿ ಹರಡಲು. ನಮಗೆ ಬೇಡ. ಅಯಸ್ಕಾಂತದ ಥರ್ಮಾಮೀಟರ್ ಮಣ್ಣಿನ ಒಲೆಗೆ ಅಂಟುವುದೂ ಇಲ್ಲ.

ಆ ದುಡ್ಡನ್ನು ಬಚ್ಚಲುಮನೆ ಕಿಟಕಿಗೆ ಹಾಕಿ. ಕೆಂಡ ಹೊರಗೆ ಶಾಂತವಾಗಿ ಕಂಡರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ತಲೆ ಸುತ್ತಿದರೆ ಮೊದಲು ಹೊರಗೆ ಬನ್ನಿ.

ಬೂದಿಗೆ ಮುಚ್ಚಳವಿರುವ ತಗಡಿನ ಡಬ್ಬ ಬೇಕು, ಪ್ಲಾಸ್ಟಿಕ್ ಬಕೆಟ್ ಸಲ್ಲದು. ಬೂದಿಯೊಳಗೆ ಮುಚ್ಚಿಹೋದ ಕೆಂಡ ಮಾರನೆಯ ದಿನಕ್ಕೂ ಜೀವ ಹಿಡಿದಿರಬಹುದು. ಪೂರ್ತಿ ಆರಿದ ಬೂದಿಯಲ್ಲಿ ಪೊಟ್ಯಾಷ್ ಇದೆ, ತೆಂಗಿಗೆ ಅದು ಬೇಕೇ ಬೇಕು. ಬುಡದಿಂದ ಸ್ವಲ್ಪ ದೂರ, ತೆಳ್ಳಗೆ ಹರಡಿ ಮಣ್ಣಿಗೆ ಸೇರಿಸಿ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ. ಬೂದಿಯ ಕ್ಷಾರಕ್ಕೆ ಅದರ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.