429 ಕೋಟಿ ತಪ್ಪು ಪ್ಯಾಕೆಟ್

ನೆಟ್‌ವರ್ಕ್ ಡ್ರೈವರ್ (ನೆಟ್‌ವರ್ಕ್ ಕಾರ್ಡನ್ನು ನಡೆಸುವ ತಂತ್ರಾಂಶ) ಬರೆಯುವವರಿಗೆ ಎಷ್ಟು ಹೇಳಿದರೂ ಒಂದು ವಿಷಯ ತಲೆಗೆ ಹೋಗುವುದಿಲ್ಲ. ಡಿ3 ಎಂಬ ವಿದ್ಯುತ್ ಉಳಿಸುವ ಸ್ಥಿತಿಯಲ್ಲಿ ಮಲಗಿರುವ ಪಿಸಿಐ ಕಾರ್ಡಿನ ರಿಜಿಸ್ಟರ್ (ಕಾರ್ಡಿನೊಳಗೆ ಅಂಕಿ ಇಡುವ ಗೂಡು) ಓದಿದರೆ ಸಾಮಾನ್ಯವಾಗಿ ಎರರ್ ಬರುವುದಿಲ್ಲ, ಅಂಕಿ ಬರುತ್ತದೆ. 32 ಬಿಟ್‌ಗಳಲ್ಲೂ 1. ಡ್ರೈವರ್ ಅದನ್ನೇ ನಂಬಿ ಪ್ಯಾಕೆಟ್ ಎಣಿಸುವ ಕೌಂಟರಿಗೆ ಬರೆದುಬಿಡುತ್ತದೆ.

ವೈಟ್‌ಫೀಲ್ಡ್ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಸಾರ್, ಬೆಳಗಾಗೋದ್ರಲ್ಲಿ 429 ಕೋಟಿ ತಪ್ಪು ಪ್ಯಾಕೆಟ್! ಕೇಬಲ್ ಬದಲಾಯಿಸ್ದೆ, ಸ್ವಿಚ್ಚೂ ಬದಲಾಯಿಸ್ದೆ." ಅಂಕಿ ಪೂರ್ತಿ ಓದಪ್ಪಾ ಅಂದೆ. 4,29,49,67,295. ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಬರಿ ನೋಡೋಣ ಅಂದಮೇಲೆ ಆ ಕಡೆ ಮಾತೇ ಇಲ್ಲ. ಎಂಟೂ ಎಫ್, ಅಂದರೆ ಎಲ್ಲ ಬಿಟ್ 1. ಪಾಪ, ಚುರುಕಾದ ಹುಡುಗ. ಎರಡೆರಡು ಸೆಕೆಂಡಿಗೆ ಕೌಂಟರ್ ಓದುವ ವರ್ಕ್ (ಡ್ರೈವರಿನ ಹಿನ್ನೆಲೆ ಕೆಲಸ) ಒಂದನ್ನು ಸಸ್ಪೆಂಡ್‌ನಲ್ಲಿ, ಅಂದರೆ ಕಾರ್ಡನ್ನು ಮಲಗಿಸುವಾಗ, ನಿಲ್ಲಿಸಿರಲಿಲ್ಲ, ಅಷ್ಟೇ.

"ಎಲ್‌ಎಸ್‌ಪಿಸಿಐನಲ್ಲಿ ಕಾರ್ಡ್ ಕಾಣಿಸ್ತಿದೆಯಲ್ಲ ಸಾರ್?" ಎಂದ. ಪಿಸಿಐ ಸಾಧನಗಳನ್ನು ಪಟ್ಟಿ ಮಾಡುವ ಆ ಕಮಾಂಡಿನಲ್ಲಿ ಕಾಣಿಸುತ್ತದೆ. ಡಿ3ಹಾಟ್‌ನಲ್ಲಿ (ವಿದ್ಯುತ್ ಇನ್ನೂ ಇರುವ ಡಿ3) ಕಾರ್ಡಿನ ಗುರುತು ಇರುವ ಕಾನ್ಫಿಗ್ ಸ್ಪೇಸ್ ಉತ್ತರ ಕೊಡುತ್ತದೆ, ನಿಮ್ಮ ರಿಜಿಸ್ಟರ್‌ಗಳಿರುವ ಮೆಮೊರಿ ಕೊಡುವುದಿಲ್ಲ. ಮನೆಯ ಬಾಗಿಲಲ್ಲಿ ಹೆಸರಿನ ಹಲಗೆ ಇದೆ ಎಂದರೆ ಒಳಗಿರುವವರು ಎದ್ದಿದ್ದಾರೆ ಎಂದಲ್ಲ.

"ಈ ಬಗ್ ನನ್ನ ಟೇಬಲ್ ಮೇಲಿನ ಮಷೀನ್‌ನಲ್ಲಿ ಬರೋದೇ ಇಲ್ಲ" ಎನ್ನುವುದು ಡ್ರೈವರ್ ಬರೆಯುವವರ ಇನ್ನೊಂದು ಮಾತು. ಹೇಗೆ ಬಂದೀತು? ಲಿನಕ್ಸ್‌ನಲ್ಲಿ ಪಿಸಿಐ ಸಾಧನಗಳಿಗೆ ರನ್‌ಟೈಮ್ ನಿದ್ದೆ (ಮಷೀನ್ ಎದ್ದಿರುವಾಗಲೇ ಸಾಧನವೊಂದೇ ಮಲಗುವುದು) ನಾವಾಗಿ ಬಿಡದಿದ್ದರೆ ನಿಷಿದ್ಧ. ಸಿಸ್‌ಎಫ್‌ಎಸ್‌ನ (ಸಾಧನಗಳ ಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಜಾಗ) ಕಂಟ್ರೋಲ್ ಫೈಲಿನಲ್ಲಿ 'ಆನ್', ಅಂದರೆ ಮಲಗಬೇಡ ಎಂದು ಇರುತ್ತದೆ. ಗ್ರಾಹಕರ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಳಿಸುವ ಯಾವುದೋ ಟೂಲ್ ಅಲ್ಲಿ 'ಆಟೋ', ಅಂದರೆ ಮಲಗಬಹುದು ಎಂದು ಬರೆದಿರುತ್ತದೆ. ನೀವೂ 'ಆಟೋ' ಬರೆದು, ಇಂಟರ್‌ಫೇಸ್ ಡೌನ್ ಮಾಡಿ ಟೆಸ್ಟ್ ಮಾಡಿ. ಅದು ಬಿಟ್ಟು, ಗ್ರಾಹಕರಿಗೆ 'ಆನ್' ಬರೆಯಲು ಹೇಳಿ ಬಗ್ ಕ್ಲೋಸ್ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸಸ್ಪೆಂಡ್‌ನಲ್ಲಿ ಮೊದಲು ಆ ವರ್ಕ್ ಕ್ಯಾನ್ಸಲ್ ಮಾಡಿ, ಓಡುತ್ತಿದ್ದರೆ ಮುಗಿಯುವವರೆಗೂ ಕಾಯಿರಿ. ಆಮೇಲೆ ಕೌಂಟರ್‌ಗಳನ್ನು ಕೊನೆಯ ಸಲ ಓದಿಟ್ಟುಕೊಳ್ಳಿ, ವಿದ್ಯುತ್ತೇ ಕಡಿದುಹೋಗುವ ಡಿ3ಕೋಲ್ಡ್‌ಗೆ ಹೋದರೆ ಅವು ಅಳಿಸಿಹೋಗುವುದೇ ಹೆಚ್ಚು. ಬರೀ ಅಂಕಿಅಂಶಕ್ಕಾಗಿ ಕಾರ್ಡನ್ನು ಎಬ್ಬಿಸಬೇಡಿ. ಎಬ್ಬಿಸಲೇಬೇಕಾದರೆ ಲಿನಕ್ಸ್ ಕರ್ನಲ್ 5.10ರಿಂದ ಇರುವ ರಿಸ್ಯೂಮ್-ಅಂಡ್-ಗೆಟ್ ಫಂಕ್ಷನ್ ಬಳಸಿ. ಹಳೆಯ ಗೆಟ್-ಸಿಂಕ್ ಫಂಕ್ಷನ್ ಎಬ್ಬಿಸಲಾರದೆ ಸೋತರೂ, ಕಾರ್ಡನ್ನು ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಎಣಿಕೆಯನ್ನು ಏರಿಸಿಯೇ ಇರುತ್ತದೆ. ಅದನ್ನು ಇಳಿಸಲು ಮರೆತರೆ ಕಾರ್ಡ್ ಮತ್ತೆ ಮಲಗುವುದಿಲ್ಲ.

ಎಲ್ಲ 1 ಬಂದಾಗಲೆಲ್ಲ ನಿದ್ದೆಯೇ ಕಾರಣ ಎನ್ನಲಾರೆ. ಕಾರ್ಡ್ ಕಿತ್ತುಬಂದಿದ್ದರೂ, ಪಿಸಿಐ ಲಿಂಕ್ ಬಿದ್ದಿದ್ದರೂ ಅದೇ ಅಂಕಿ. ಸಿಸ್‌ಎಫ್‌ಎಸ್‌ನ ರನ್‌ಟೈಮ್ ಸ್ಟೇಟಸ್ ಫೈಲ್ ನೋಡಿ; ಅಲ್ಲಿ 'ಆಕ್ಟಿವ್' (ಎದ್ದಿದೆ) ಎಂದಿದ್ದೂ ಹೀಗೇ ಬಂದರೆ ಆಗ ಹಾರ್ಡ್‌ವೇರ್‌ನವರನ್ನು ಕರೆಯೋಣ.