ಪದ ಪರಿಚಯ: ಬೆಕ್ಕಿನ ಮೈಯಲ್ಲಿ ಕಾಣುವ 'ಸೆಳವು'

ಮಳೆಗಾಲದಲ್ಲಿ ತುಂಗೆಯ ದಡದ ಊರುಗಳಲ್ಲಿ 'ಹೊಳೆಯಲ್ಲಿ ಸೆಳವು ಹೆಚ್ಚಿದೆ, ಇಳಿಯಬೇಡ' ಎಂದು ಹಿರಿಯರು ಗದರುವಾಗ ಬಳಸುವ ಪದವೂ, ಜಗುಲಿಯಲ್ಲಿ ಮಲಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಉರುಳಿಬಿದ್ದು ಕಾಲು ಬಡಿಯತೊಡಗಿದಾಗ ಹೇಳುವ ಪದವೂ ಒಂದೇ. ಎರಡಕ್ಕೂ 'ಸೆಳೆ', ಅಂದರೆ ಎಳೆ ಎಂಬ ಧಾತುವೇ ಬೇರು. ಮೀನಖಂಡ ಹಿಡಿದುಕೊಂಡಾಗ ಹೇಳುವ 'ಸೆಳೆತ'ವೂ ಅದೇ ಬೇರಿನಿಂದ ಹುಟ್ಟಿದ್ದು. ಇವುಗಳ ಜೊತೆಗೆ ಫಿಟ್ಸ್, ಮೂರ್ಛೆ, ನರ ಹಿಡಿಯುವುದು, ಸೆಟೆದುಕೊಳ್ಳುವುದು ಎಂಬ ಮಾತುಗಳೂ ಬಳಕೆಯಲ್ಲಿದ್ದು, ಒಂದರ ಜಾಗದಲ್ಲಿ ಇನ್ನೊಂದನ್ನು ನಾವು ಧಾರಾಳವಾಗಿ ಇಡುತ್ತೇವೆ. ಮನುಷ್ಯನಾದರೆ ತನಗೆ ಏನಾಯಿತೆಂದು ಆಮೇಲೆ ಹೇಳಿಯಾನು. ಬೆಕ್ಕು ಹೇಳುವುದಿಲ್ಲವಾದ್ದರಿಂದ ನೋಡಿದವರ ಮಾತೇ ವೈದ್ಯರಿಗೆ ಆಧಾರ, ಆ ಮಾತು ಸಡಿಲವಾದಷ್ಟೂ ಚಿಕಿತ್ಸೆ ದಾರಿ ತಪ್ಪುತ್ತದೆ.

ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಬೆಕ್ಕು ಎರಡು ಬಾರಿ ಹೀಗೆ ಬಿದ್ದಾಗ ಅತ್ತೆಯವರು 'ಅದಕ್ಕೆ ನರ ಹಿಡಿದಿದೆ, ಬಿಸಿ ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ' ಎಂದಿದ್ದರು. ಪಶುವೈದ್ಯರು ರೋಗದ ಹೆಸರನ್ನು ಹೇಳುವ ಮೊದಲು ಮೂರು ಪ್ರಶ್ನೆ ಕೇಳಿದರು. ಬಿದ್ದಾಗ ಅದಕ್ಕೆ ಎಚ್ಚರವಿತ್ತೇ, ಎಷ್ಟು ಹೊತ್ತು ಹಾಗಿತ್ತು, ಎದ್ದ ಮೇಲೆ ಹೇಗೆ ನಡೆದುಕೊಂಡಿತು? ಪದದ ಅರ್ಥವನ್ನು ಬಿಡಿಸಲು ಈ ಮೂರು ಪ್ರಶ್ನೆಗಳಿಗಿಂತ ಒಳ್ಳೆಯ ಸಲಕರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

ವೈದ್ಯಕೀಯ ಅರ್ಥದಲ್ಲಿ ಸೆಳವು ಎಂದರೆ ಮಿದುಳಿನ ನರಕೋಶಗಳು ಹದ ತಪ್ಪಿ, ಒಂದೇ ಹೊತ್ತಿಗೆ ಒಟ್ಟಾಗಿ ವಿದ್ಯುತ್ ಸಂಕೇತಗಳನ್ನು ಹೊರಡಿಸುವುದರಿಂದ ಉಂಟಾಗುವ ತಾತ್ಕಾಲಿಕ ಸ್ಥಿತಿ. ಕಾಲು ಬಡಿಯುತ್ತಿದ್ದರೂ ತೊಂದರೆ ಇರುವುದು ಕಾಲಿನಲ್ಲಲ್ಲ. ಇಡೀ ಮಿದುಳು ಸಿಕ್ಕಿಕೊಂಡರೆ ಬೆಕ್ಕು ಎಚ್ಚರ ತಪ್ಪಿ ಬೀಳುತ್ತದೆ, ಮೈ ಮೊದಲು ಸೆಟೆದು ಬಳಿಕ ಕುಲುಕುತ್ತದೆ, ಜೊಲ್ಲು ಸುರಿಯುತ್ತದೆ, ಎಷ್ಟೋ ಸಲ ಬಿದ್ದಲ್ಲೇ ಮೂತ್ರವಾಗುತ್ತದೆ. ಮಿದುಳಿನ ಒಂದು ಭಾಗ ಮಾತ್ರ ಸಿಕ್ಕಿಕೊಂಡರೆ ಮುಖದ ಒಂದು ಬದಿ ಅದುರುವುದು, ಏನೂ ಇಲ್ಲದೆ ಬಾಯಿ ಚಪ್ಪರಿಸುವುದು, ಕಣ್ಣಿನ ಪಾಪೆ ಅಗಲವಾಗಿ ಗುರಿಯಿಲ್ಲದೆ ಗೋಡೆಗೆ ಹಾಯುವಂತೆ ಓಡುವುದು ಇಷ್ಟೇ ಕಾಣಬಹುದು. ಬೆಕ್ಕುಗಳಲ್ಲಿ ಈ ಎರಡನೆಯ ಬಗೆ ಸಾಕಷ್ಟು ಸಾಮಾನ್ಯವಾಗಿರುವುದರಿಂದ 'ಬೆಕ್ಕಿಗೆ ಏನೋ ಹೆದರಿಕೆಯಾಗಿದೆ' ಎಂದು ಮನೆಯವರು ಸುಮ್ಮನಾಗುವುದುಂಟು. ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷದಲ್ಲಿ ಮುಗಿಯುತ್ತವೆ. ಆದರೆ ಮುಗಿದ ಮೇಲೆ ಬೆಕ್ಕು ಕೂಡಲೇ ಮೊದಲಿನಂತಾಗುವುದಿಲ್ಲ; ಕೆಲವು ನಿಮಿಷಗಳಿಂದ ಹಲವು ಗಂಟೆಗಳವರೆಗೆ ಮಂಕಾಗಿ ತೂರಾಡುತ್ತದೆ, ಸಾಕಿದವರ ಗುರುತು ಹತ್ತದಂತೆ ನೋಡುತ್ತದೆ, ವಿಪರೀತ ಹಸಿವಿನಿಂದ ಬಟ್ಟಲಿಗೆ ಮುಗಿಬೀಳಲೂಬಹುದು. ಈ ಮಂಕು ಸೆಳವಿನ ದೊಡ್ಡ ಗುರುತು.

ಗುರುತು ಏಕೆ ಬೇಕೆಂದರೆ, ಸೆಳವಿನಂತೆ ಕಂಡರೂ ಸೆಳವಲ್ಲದವು ಹಲವಿವೆ. ಹೃದಯದ ದೋಷದಿಂದ ಮಿದುಳಿಗೆ ರಕ್ತ ಸಾಲದೆ ಬರುವ ಬವಳಿಯಲ್ಲಿ ಮೈ ಸಾಮಾನ್ಯವಾಗಿ ಜೋಲುತ್ತದೆ, ಕ್ಷಣಗಳಲ್ಲೇ ಬೆಕ್ಕು ಎದ್ದು ಏನೂ ಆಗದಂತೆ ನಡೆಯುತ್ತದೆ. ಮರಿಗಳಿಗೆ ಹಾಲೂಡುವ ತಾಯಿಬೆಕ್ಕಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಸ್ನಾಯುಗಳು ಬಿಗಿದು ನಡುಗುತ್ತವೆ. ಆಗ ಮೊದಮೊದಲು ಎಚ್ಚರವಿರುತ್ತದೆ, ತಡಮಾಡಿದರೆ ನಿಜವಾದ ಸೆಳವೂ ಬರುತ್ತದೆ. ನಿದ್ದೆಯಲ್ಲಿ ಮೀಸೆ, ಪಂಜ ಅದುರುವುದು ಕಾಯಿಲೆಯೇ ಅಲ್ಲ, ಕರೆದರೆ ಬೆಕ್ಕು ಕಣ್ಣು ಬಿಡುತ್ತದೆ. ಇವೆಲ್ಲಕ್ಕಿಂತ ಅಪಾಯದ ತಪ್ಪು ತಿಳಿವಳಿಕೆ ಹಿಂಗಾಲಿನದು. ಬೆಕ್ಕು ಒಮ್ಮೆಲೇ ಕೂಗಿಕೊಂಡು, ಹಿಂಗಾಲು ಎಳೆಯುತ್ತಾ, ಆ ಕಾಲು ಮುಟ್ಟಿದರೆ ತಣ್ಣಗಿದ್ದು ಪಂಜದ ಅಡಿ ಬಿಳಿಚಿಕೊಂಡಿದ್ದರೆ ಅದು 'ನರ ಹಿಡಿದದ್ದು' ಅಲ್ಲ. ಹೃದಯದಿಂದ ಹೊರಟ ರಕ್ತದ ಹೆಪ್ಪು ಮಹಾಪಧಮನಿ ಕವಲೊಡೆಯುವಲ್ಲಿ ಸಿಕ್ಕಿಕೊಂಡಿರುವ ಸಂಭವವೇ ಹೆಚ್ಚು, ಎಣ್ಣೆ ತಿಕ್ಕುತ್ತ ಕೂರುವ ಹೊತ್ತು ಅದಲ್ಲ. ನಮಗೆ ಬರುವಂಥ ಬರಿಯ ಸ್ನಾಯು ಸೆಳೆತವೇ ಬೆಕ್ಕಿನ ಒದ್ದಾಟಕ್ಕೆ ಕಾರಣವೆಂದು ಮೊದಲೇ ತೀರ್ಮಾನಿಸದಿರುವುದು ಕ್ಷೇಮ.

ಇನ್ನು 'ಅಪಸ್ಮಾರ'. ಸ್ಮೃತಿ ತಪ್ಪುವುದು ಎಂಬ ಅರ್ಥದ ಈ ಹಳೆಯ ಸಂಸ್ಕೃತ ಪದವನ್ನೂ ಸೆಳವನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. ಸೆಳವು ಒಂದು ಘಟನೆ, ಅಪಸ್ಮಾರ ಸೆಳವುಗಳು ಮರುಕಳಿಸುವಂತೆ ಮಾಡುವ ಮಿದುಳಿನ ಕಾಯಿಲೆ. ವಿಷ ತಿಂದೋ, ರಕ್ತದ ಸಕ್ಕರೆ ಕುಸಿದೋ ಸೆಳವು ಬಂದ ಬೆಕ್ಕಿಗೆ ಅಪಸ್ಮಾರವಿದೆ ಎನ್ನಲಾಗದು. ಕಾರಣ ಹೋದರೆ ಸೆಳವೂ ಹೋಗುತ್ತದೆ. ಆದ್ದರಿಂದ ವೈದ್ಯರು ರಕ್ತ, ಮೂತ್ರ, ರಕ್ತದೊತ್ತಡಗಳನ್ನು ಪರೀಕ್ಷಿಸಿ ಮಿದುಳಿನ ಹೊರಗಿನ ಕಾರಣಗಳನ್ನು ಮೊದಲು ಹುಡುಕುತ್ತಾರೆ.

ಮಲೆನಾಡಿನಲ್ಲಿ ಆ ಹುಡುಕಾಟ ಕೊಟ್ಟಿಗೆಯಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಪತ್ತೆಯಾದ ಸೀಮೆ ಇದು; ಬೇಸಿಗೆ ಬಂತೆಂದರೆ ಉಣುಗಿನ ಭಯ ಇಲ್ಲಿ ಸಹಜ, ದನಕ್ಕೂ ನಾಯಿಗೂ ಔಷಧಿ ಹಚ್ಚುವುದು ಅಗತ್ಯ ಕೂಡ. ಆದರೆ ನಾಯಿಯ ಬೆನ್ನಿಗೆ ಹಾಕುವ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಎಂಬ ರಾಸಾಯನಿಕವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ನಾಯಿಗೆ ಏನೂ ಮಾಡದ ಪ್ರಮಾಣ ಬೆಕ್ಕಿನ ನರಗಳನ್ನು ಸುಮ್ಮನಿರಲು ಬಿಡುವುದಿಲ್ಲ: ಕಿವಿ ಅದುರುತ್ತದೆ, ಚರ್ಮ ಅಲೆಯಂತೆ ಏಳುತ್ತದೆ, ಮೈಯೆಲ್ಲ ನಡುಗುತ್ತದೆ, ಹೆಚ್ಚಾದರೆ ಸೆಳವು ಬರುತ್ತದೆ. ಬೆಕ್ಕಿಗೆ ಅದನ್ನು ನೇರವಾಗಿ ಹಚ್ಚಲೇಬೇಕೆಂದಿಲ್ಲ. ಔಷಧಿ ಹಚ್ಚಿದ ನಾಯಿಗೆ ಒತ್ತಿ ಮಲಗಿದರೂ, ಅದರ ಮೈ ನೆಕ್ಕಿದರೂ ಸಾಕಾಗಬಹುದು. ಲಕ್ಷಣ ಕೆಲವು ಗಂಟೆಗಳಲ್ಲಿ ಕಾಣಬಹುದು, ಒಂದೆರಡು ದಿನ ತಡವಾಗಲೂಬಹುದು. ಹಾಗಾಗಿಯೇ ಕಾರಣಕ್ಕೂ ಪರಿಣಾಮಕ್ಕೂ ಸಂಬಂಧ ಹೊಳೆಯುವುದಿಲ್ಲ. ಮೈಗೆ ತಗುಲಿದೆಯೆಂದು ಗೊತ್ತಾದರೆ, ನಡುಕ ಇನ್ನೂ ಶುರುವಾಗದಿದ್ದಾಗ, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವದಿಂದ ತೊಳೆದು ಒರೆಸಿ ವೈದ್ಯರಲ್ಲಿಗೆ ಒಯ್ಯಬೇಕು.

ಗದ್ದೆಗೆ ಇಟ್ಟ ಇಲಿಪಾಷಾಣ, ತೋಟಕ್ಕೆ ಹೊಡೆದ ಕೀಟನಾಶಕ ಇವೂ ಸೆಳವು ತರುತ್ತವೆ. ಹಸಿ ಮೀನನ್ನೇ ಬಹುಕಾಲ ಉಣಿಸಿದರೆ, ಕೆಲವು ಜಾತಿಯ ಮೀನುಗಳಲ್ಲಿರುವ ಕಿಣ್ವವೊಂದು ಬಿ1 ಜೀವಸತ್ವವನ್ನು ನಾಶಮಾಡಿ ಬೆಕ್ಕಿನ ಕತ್ತು ಕೆಳಗೆ ಬಾಗಿ, ಕೊನೆಗೆ ಸೆಳವು ಕಾಣಿಸಿಕೊಳ್ಳುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಮುದಿ ಬೆಕ್ಕುಗಳದು ಇನ್ನೊಂದು ವಿಚಿತ್ರ. 96 ಬೆಕ್ಕುಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಬಟ್ಟಲಿಗೆ ಚಮಚ ತಗುಲುವ ಸದ್ದು, ಅಲ್ಯೂಮಿನಿಯಂ ಹಾಳೆಯ ಸರಸರ ಇಂಥವುಗಳೇ ಸೆಳವನ್ನು ಕೆರಳಿಸುವುದನ್ನು ದಾಖಲಿಸಿತು. ಸ್ಟೀಲ್ ಲೋಟ, ತಟ್ಟೆಗಳ ಸದ್ದೇ ತುಂಬಿರುವ ನಮ್ಮ ಅಡಿಗೆಮನೆಗಳಲ್ಲಿ ಇದನ್ನು ಗಮನಿಸುವುದು ಸುಲಭವೂ ಹೌದು, ಕಷ್ಟವೂ ಹೌದು. ಲಸಿಕೆ ಹಾಕಿಸದ, ಹೊರಗೆ ಕಚ್ಚಿಸಿಕೊಂಡು ಬಂದ ಬೆಕ್ಕಿನ ಸೆಳವಿನಲ್ಲಿ ರೇಬಿಸ್ ಇರಬಹುದೆಂಬ ಎಚ್ಚರವಿರಬೇಕು; ಅದರ ಜೊಲ್ಲನ್ನು ಬರಿಗೈಯಲ್ಲಿ ಮುಟ್ಟಬಾರದು.

ಸೆಳವು ಬಂದಾಗ ಕೈಗೆ ಕಬ್ಬಿಣದ ಬೀಗದಕೈ ಕೊಡುವ, ಈರುಳ್ಳಿ ಮೂಸಿಸುವ ರೂಢಿ ಮನುಷ್ಯರಿಗೇ ಉಪಯೋಗವಿಲ್ಲ, ಬೆಕ್ಕಿಗಂತೂ ಬೇಡವೇ ಬೇಡ. ನಾಲಿಗೆ ನುಂಗೀತೆಂದು ಬಾಯಿಗೆ ಬೆರಳು ಹಾಕಿದರೆ ಸಿಗುವುದು ಕಚ್ಚು ಮಾತ್ರ. ಮೆಟ್ಟಿಲು, ಒಲೆ, ಬಾವಿಕಟ್ಟೆಗಳಿಂದ ದೂರ ಸರಿಸಿ, ಬೆಳಕು ಕಡಿಮೆ ಮಾಡಿ, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ, ಅಥವಾ 24 ಗಂಟೆಯೊಳಗೆ ಎರಡನೆಯದು ಬಂದರೆ ಅದು ತುರ್ತು ಸ್ಥಿತಿ; ತೀರ್ಥಹಳ್ಳಿಯ ಆಚೆಯ ಒಂಟಿ ಮನೆಯವರು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನವರೆಗೆ ಸುಮಾರು 60 ಕಿಲೋಮೀಟರಿಗೂ ಹೆಚ್ಚು ಹೋಗಬೇಕಾಗುವುದರಿಂದ ಬೇಗ ಹೊರಡುವುದೇ ಲೇಸು. ಮತ್ತೆ ಮತ್ತೆ ಬರುವ ಸೆಳವಿಗೆ ಫಿನೋಬಾರ್ಬಿಟಾಲ್ ಮಾತ್ರೆಯನ್ನು ವೈದ್ಯರು ಸಾಮಾನ್ಯವಾಗಿ ದಿನಕ್ಕೆರಡು ಬಾರಿಯಂತೆ ಆರಂಭಿಸುತ್ತಾರೆ. ಅದನ್ನು ಮನಸ್ಸಿಗೆ ಬಂದಂತೆ ನಿಲ್ಲಿಸಿದರೆ ಸೆಳವು ಇನ್ನಷ್ಟು ಜೋರಾಗಿ ಮರಳುತ್ತದೆ. ಮನೆಯಲ್ಲಿರುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ.

ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವೀಡಿಯೊ ಹತ್ತು ನಿಮಿಷದ ವಿವರಣೆಗಿಂತ ವೈದ್ಯರಿಗೆ ಹೆಚ್ಚು ಹೇಳುತ್ತದೆ. ದಿನಾಂಕ, ಹೊತ್ತು, ಹಿಂದಿನ ದಿನ ಮನೆಯಲ್ಲಿ ನಡೆದ ವಿಶೇಷ ಇವನ್ನು ಬರೆದಿಡುವುದೂ ಅಷ್ಟೇ ಮುಖ್ಯ. ನಮ್ಮಲ್ಲಿ ಹಾಲಿನ ಲೆಕ್ಕ, ಆಳಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಬೆಕ್ಕು ಬಿದ್ದ ಎರಡು ದಿನಗಳನ್ನೂ ಗುರುತು ಮಾಡಿದ್ದೆವು. ವೈದ್ಯರು ಕೇಳಿದ ಮೇಲೆ ಅದನ್ನು ತೆಗೆದು ನೋಡಿದಾಗ, ಎರಡೂ ಗುರುತುಗಳ ಹಿಂದಿನ ದಿನದ ಚೌಕದಲ್ಲಿ ಅತ್ತೆಯವರದೇ ಅಕ್ಷರದಲ್ಲಿ 'ನಾಯಿಗೆ ಉಣುಗಿನ ಔಷಧಿ' ಎಂದಿತ್ತು.