12 ವೋಲ್ಟ್ ಕನ್ವರ್ಷನ್: ಬರೀ ಬ್ಯಾಟರಿ ಬದಲಿಸುವುದಲ್ಲ

ಹಳೇ ಕಾರು ಸಾಕಿದವರು ಆಗಾಗ ಹೇಳುತ್ತಾರೆ, ‘ಗಾಡಿ 12 ವೋಲ್ಟ್ ಮಾಡಿಸಿದೆ’ ಅಂತ. 6 ವೋಲ್ಟ್ ಬ್ಯಾಟರಿಗೆಂದೇ ತಯಾರಾದ ಕಾರನ್ನು 12 ವೋಲ್ಟಿಗೆ ಒಗ್ಗಿಸುವುದೇ ಈ ಕನ್ವರ್ಷನ್.

6 ವೋಲ್ಟ್ ಕಾಲದ ಕಾರಿನಲ್ಲಿ ಕರೆಂಟ್ ಕುಡಿಯುವ ಸಾಮಾನು ಕಡಿಮೆ. ಮೂರು ಸೆಲ್ಲಿನ, ಅಂದರೆ 6 ವೋಲ್ಟಿನ, ಬ್ಯಾಟರಿ ಸಾಕಿತ್ತು. ಕಂಪ್ರೆಷನ್ ಜಾಸ್ತಿ ಇರುವ ದೊಡ್ಡ ಇಂಜಿನ್ ಬಂದ ಮೇಲೆ ಸೆಲ್ಫ್ ತಿರುಗಿಸಲು ಅದು ಸಾಲಲಿಲ್ಲ. ಅಮೆರಿಕದಲ್ಲಿ ಶೆವರ್ಲೆ 1955ರ ಮಾಡೆಲ್‌ನಲ್ಲಿ, ಫೋರ್ಡ್ 1956ರ ಮಾಡೆಲ್‌ನಲ್ಲಿ 12ಕ್ಕೆ ಬಂದವು. ಫೋಕ್ಸ್‌ವ್ಯಾಗನ್ ಬೀಟಲ್ ಇನ್ನೂ ಹತ್ತು ವರ್ಷ 6ರಲ್ಲೇ ಓಡಿತು. ನಮ್ಮ ಮೈಸೂರಿನ ಜಾವಾ ಬೈಕ್ ಕೂಡ 6 ವೋಲ್ಟಿನದೇ. ಅದರ ಮಂಕು ದೀಪದಲ್ಲಿ ರಾತ್ರಿ ಓಡಿಸಿದವರಿಗೆ ಗೊತ್ತು!

ಲೆಕ್ಕ ಸುಲಭ. 36 ವ್ಯಾಟ್ ಬಲ್ಬು 6 ವೋಲ್ಟಿನಲ್ಲಿ 6 ಆಂಪ್ ಎಳೆಯುತ್ತದೆ, 12ರಲ್ಲಿ 3 ಆಂಪ್. ಕರೆಂಟ್ ಅರ್ಧವಾದರೆ ಅದೇ ವೈರಿನಲ್ಲಿ ಸೋರಿಹೋಗುವ ವೋಲ್ಟೂ ಅರ್ಧ. ಒಟ್ಟು ವೋಲ್ಟ್ ಎರಡರಷ್ಟು ಇರುವುದರಿಂದ ನಷ್ಟದ ಪಾಲು ಕಾಲು ಭಾಗಕ್ಕೆ ಇಳಿಯುತ್ತದೆ. ಹಳೇ ವೈರಿಂಗ್ ದಪ್ಪಗಿರುವುದರಿಂದ, ಸುಸ್ಥಿತಿಯಲ್ಲಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು.

ಬದಲಾಗಬೇಕಾದ್ದು ಬೇರೆ ಇದೆ. ಬಲ್ಬುಗಳೆಲ್ಲ ಹೊಸದಾಗಬೇಕು. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ, ಅದನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿ ಸಾಮಾನ್ಯವಾಗಿ ಆಲ್ಟರ್ನೇಟರ್ ಬರುತ್ತದೆ. ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ 12 ವೋಲ್ಟಿನದು ಬೇಕು, ಇಲ್ಲವೇ ಹಳೆಯದಕ್ಕೆ ರೆಸಿಸ್ಟರ್ ಸೇರಿಸಬೇಕು. ಪೆಟ್ರೋಲ್ ಗೇಜಿಗೆ ವೋಲ್ಟ್ ಇಳಿಸುವ ಸಾಧನ ಬೇಕು. ಹಳೇ ರೇಡಿಯೋ ನೇರವಾಗಿ ಕೊಟ್ಟರೆ ಸುಟ್ಟೇ ಹೋಗುತ್ತದೆ. ಸೆಲ್ಫ್ ಮೋಟರ್ ಮಾತ್ರ ಗಟ್ಟಿ ಜೀವ. 6ರದ್ದನ್ನೇ ಇಟ್ಟರೂ ಜೋರಾಗಿ ತಿರುಗುತ್ತದೆ, ಆದರೆ ಒತ್ತಿ ಹಿಡಿದರೆ ಬಿಸಿಯೇರಿ ಹಾಳು.

ಇನ್ನೊಂದು ಎಡವಟ್ಟು ಅರ್ತ್‌ನದು. 1955ರವರೆಗಿನ 6 ವೋಲ್ಟ್ ಫೋರ್ಡ್‌ಗಳಲ್ಲಿ ಅರ್ತ್ ಆಗಿ ಬ್ಯಾಟರಿಯ ಪಾಸಿಟಿವ್ ಕಡೆಯೇ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಆಲ್ಟರ್ನೇಟರ್ ಹಾಕುವಾಗ ಸಾಮಾನ್ಯವಾಗಿ ಅದನ್ನು ತಿರುಗಿಸಿ ನೆಗೆಟಿವ್ ಮಾಡಬೇಕು. ಜೊತೆಗೆ ಕಾಯಿಲ್, ಆಂಪ್ ಮೀಟರುಗಳ ವೈರನ್ನೂ ಅದಲು ಬದಲು ಮಾಡಬೇಕು.

ಆದರೂ ನನ್ನ ಮಾತು ಕೇಳುವುದಾದರೆ, ಮೊದಲು ಬ್ಯಾಟರಿ ಕೇಬಲ್ ನೋಡಿ. ಯಾರೋ ಅಗ್ಗಕ್ಕೆ ಸಿಕ್ತು ಅಂತ 12 ವೋಲ್ಟ್ ಕಾರಿನ ತೆಳು ಕೇಬಲ್ ಹಾಕಿರುತ್ತಾರೆ. 6 ವೋಲ್ಟಿಗೆ ಅದು ಸಾಲದು. ದಪ್ಪ ಕೇಬಲ್ ಹಾಕಿ, ಅರ್ತ್ ಜಾಗದ ತುಕ್ಕು ಉಜ್ಜಿದರೆ, ಎಷ್ಟೋ ಸಲ ಸೆಲ್ಫ್ ಸಲೀಸಾಗಿ ತಿರುಗುತ್ತದೆ. ಕನ್ವರ್ಷನ್ ಮಾತೇ ಬರುವುದಿಲ್ಲ.